ಮಾಗಿ ಹ್ವಾದ ಬಾಳಿ, ಪಪ್ಪಾಯಿ ಪಾಕ ಜೇನುಹುಳಕ್ಕ ಕೊಡಬಹುದೇನ್ರಿ?

ಕಮಲಾಪುರ ಕೆಂಬಾಳಿ

ಎಲ್ಲಾರಿಗೂ ಶರಣ್ರಿ. ಕಮಲಾಪುರ ಕಡಿ ನಮ್ದು ಕೆಂಪು ಬಾಳಿ ತ್ವಾಟ, ಬಾಜೂಕ ಪಪ್ಪಾಯಿ. ತೊಗರಿ ಹೂ ಬಿಡೂ ಹೊತ್ತಿಗೆ ತುಡುವಿ ಜೇನಿನ ಪೆಟ್ಟಗಿ ತಂದು ಇಟ್ಟೀವಿ. ತೊಗರಿ, ಅದರ ಹಿಂದ ಕುಸುಬಿ ಇರೂತನಕ ಹುಳ ಬರೋಬರಿ ಇದ್ವು. ಈಗ ಬೇವಿನ ಹೂ ಉದುರ್ಯಾವ, ಹೊಲ ಎಲ್ಲಾ ಖಾಲಿ. ಪೆಟ್ಟಗಿ ಎತ್ತಿ ನೋಡಿದ್ರ ಹಗುರ ಆಗ್ಯಾವ. ಎರಿ (ಹುಳ ಕಟ್ಟೂ ಮೇಣದ ತಟ್ಟಿ) ಮ್ಯಾಲಿನ ಅಂಚಿನ್ಯಾಗ ಜೇನಿನ ಪಟ್ಟಿ ಇರ್ತಿತ್ತಲ್ಲ, ಅದೂ ಒಣಗ್ಯಾದ.

ಇತ್ಲಾಗ ವ್ಯಾಪಾರಿ ಆರಿಸಿ ಬಿಟ್ಟು ಹ್ವಾದ ಬಾಳಿ, ಹಕ್ಕಿ ಕುಟುಕಿದ ಪಪ್ಪಾಯಿ ಬುಟ್ಟಿ ಬುಟ್ಟಿ ತಿಪ್ಪಿಗೆ ಹೊಂಟಾವ. ಇದನ್ನ ಕಿವುಚಿ, ಕುದಿಸಿ, ಸೋಸಿ ಪಾಕ ಮಾಡಿ ಹುಳಕ್ಕ ಇಡಬೇಕಂತ ಮಾಡೀನಿ. ಎಲ್ಲಾರೂ ಸಕ್ರಿ ಪಾಕ ಇಡ್ರಿ ಅಂತಾರ. ಆದ್ರ ಕಾರ್ಖಾನಿ ಸಕ್ರಿನ್ಯಾಗ ಏನ್ ಸತ್ವ ಅದ? ಹಣ್ಣಾದ್ರ ನಮ್ಮ ಹೊಲದ್ದು, ಕೀಟನಾಶಕದ ಎಣ್ಣಿ ಹೊಡದಿಲ್ಲ, ರೊಕ್ಕ ಖರ್ಚಿಲ್ಲ. ಮಾಡಿದವರು ಇದ್ರ ಹೇಳ್ರಿ.

ಬೀದರ್ ಪೆಟ್ಟಿಗೆ ಜೇನು

ಅಣ್ಣಾ, ಒಲೆ ಹಚ್ಚುವ ಮುಂಚೆ ಕೇಳಿದ್ದು ಒಳ್ಳೇದಾಯ್ತು. ಮಾಡಬೇಡಿ ಅಂತ ನೇರವಾಗಿ ಹೇಳ್ತೀನಿ.

ನಾನು ಮೆಲ್ಲಿಫೆರಾ ಅನ್ನೋ ವಿದೇಶಿ ಜೇನಿನ ಪೆಟ್ಟಿಗೆಗಳನ್ನ ಸೂರ್ಯಕಾಂತಿ, ತೊಗರಿ ಹೊಲಗಳಿಗೆ ಸಾಗಿಸಿ ಸಾಕುವವನು. ನಮ್ಮ ಭಾಗದಲ್ಲಿ ಹಣ್ಣಿನ ಪಾಕದ ದೊಡ್ಡ ತೊಂದರೆ ಹುಳಿಯೋದು. ಹೊರಗೆ 42 ಡಿಗ್ರಿ ಬಿಸಿಲು ಇದ್ದಾಗ ಸಂಜೆ ಇಟ್ಟ ಹಣ್ಣಿನ ರಸ ಬೆಳಗಾಗೋದರೊಳಗೆ ನೊರೆ ಕಟ್ಟಿರುತ್ತೆ. ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯುತ್ತೆ. ಆ ಹುದುಗು ಕುಡಿದ ಜೇನುನೊಣಗಳು ಹಾರೋಕಾಗದೆ ಪೆಟ್ಟಿಗೆ ಮುಂದೆ ನೆಲದ ಮೇಲೆ ತೆವಳ್ತಾ ಇರ್ತವೆ, ರೆಕ್ಕೆ ಬಿಚ್ಚಿಕೊಂಡು ನಡುಗ್ತವೆ. ಬಾಗಿಲ ಹಲಗೆ ಮೇಲೆ ಹಳದಿ-ಕಂದು ಗೆರೆ ಗೆರೆಯಾಗಿ ಭೇದಿಯ ಕಲೆ. ಭಾಲ್ಕಿ ಕಡೆ ಒಬ್ಬರ ಪೆಟ್ಟಿಗೆಯಲ್ಲಿ ಇದನ್ನ ಕಣ್ಣಾರೆ ನೋಡಿದ್ದೀನಿ. ಅವರು ಇಟ್ಟಿದ್ದು ಮಾವಿನ ರಸ.

ಇನ್ನೊಂದು, ವಾಸನೆ. ಸಕ್ಕರೆ ಪಾಕಕ್ಕೆ ಅಷ್ಟು ಘಮ ಇರಲ್ಲ. ಹಣ್ಣಿನ ವಾಸನೆಗೆ ಇರುವೆ, ಕಣಜ, ಪಕ್ಕದ ಪೆಟ್ಟಿಗೆಯ ಹುಳ ಎಲ್ಲಾ ನುಗ್ಗುತ್ತವೆ. ಸೊರಗಿದ ಕುಟುಂಬ ಒಮ್ಮೆ ಲೂಟಿಗೆ ಸಿಕ್ಕಿತು ಅಂದರೆ ಉಳಿಸೋದು ಕಷ್ಟ.

ಔರಾದ್ ಅಕ್ಕ

ಬೀದರ್ ಅಣ್ಣಾರ ಮಾತು ಖರೇ. ಆದ್ರ ಈ ತಮ್ಮ ಕೇಳಿದ್ದು ರೊಕ್ಕದ ಮಾತೂ ಹೌದು. ನಮ್ಮ ಸಂಘದ ಹೆಣ್ಮಕ್ಕಳು ಪೆಟ್ಟಗಿ ಇಟ್ಕೊಂಡಾರ, ಬ್ಯಾಸಗಿ ಬಂತಂದ್ರ ಸಕ್ರಿಗೆ ಕೈ ಬಿಚ್ಚೂದು ಎಲ್ಲಾರಿಗೂ ಭಾರ ಆಗ್ತದ. ಕಡೀಕ ಬೆಲ್ಲನಾದ್ರೂ ನಡೀತದೇನು? ನಮ್ಮ ಕಡಿ ಗಾಣ ಭಾಳ ಅವ, ಸೋವಿ ಬೆಲ್ಲ ಸಿಗ್ತದ.

ಭೀಮರಾಯನಗುಡಿ ಕೀಟಶಾಸ್ತ್ರ

ನಾನು ಕೃಷಿ ವಿದ್ಯಾರ್ಥಿನಿ. ಅಕ್ಕಾ, ಬೆಲ್ಲವೂ ಬೇಡ. ಕಾರಣ ಬೆಲ್ಲಕ್ಕೂ ಹಣ್ಣಿಗೂ ಹೆಚ್ಚುಕಡಿಮೆ ಒಂದೇ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನಮಗೆ ಯಾವುದು ಸತ್ವವೋ ಅದೇ ನೊಣದ ಹೊಟ್ಟೆಗೆ ಹೊರೆ. ಮಕರಂದದಲ್ಲಿ ಇರುವುದು ಬಹುಪಾಲು ನೀರು ಮತ್ತು ಮೂರು ಸಕ್ಕರೆಗಳು: ಸುಕ್ರೋಸ್, ಗ್ಲುಕೋಸ್, ಫ್ರಕ್ಟೋಸ್. ಅಂಗಡಿಯ ಬಿಳಿ ಸಕ್ಕರೆ ಅಂದರೆ ಶುದ್ಧ ಸುಕ್ರೋಸ್. ನೊಣದ ಗ್ರಂಥಿಗಳಲ್ಲಿ ಇನ್ವರ್ಟೇಸ್ ಎಂಬ ಕಿಣ್ವ ಇದೆ, ಅದು ಸುಕ್ರೋಸನ್ನು ಒಡೆದು ಗ್ಲುಕೋಸ್, ಫ್ರಕ್ಟೋಸ್ ಮಾಡುತ್ತದೆ. ಹಾಗಾಗಿ ಬಿಳಿ ಸಕ್ಕರೆಯಲ್ಲಿ ನೊಣಕ್ಕೆ ಜೀರ್ಣವಾಗದ್ದು ಏನೂ ಉಳಿಯುವುದಿಲ್ಲ. ಜ್ವರ ಬಂದ ಮಗುವಿಗೆ ಗಂಜಿ ಕೊಡುವಂತೆ ಅದು.

ಹಣ್ಣಿನಲ್ಲಿ ಸಕ್ಕರೆಯ ಜೊತೆಗೆ ಪೆಕ್ಟಿನ್ ಎಂಬ ಅಂಟು, ನಾರು, ಆಮ್ಲ, ಖನಿಜ ಎಲ್ಲವೂ ಬರುತ್ತವೆ. ಬಾಳೆಯಾದರೆ ಪಿಷ್ಟವೂ ಸ್ವಲ್ಪ ಉಳಿದಿರುತ್ತದೆ. ಪಿಷ್ಟವನ್ನಾಗಲಿ ಪೆಕ್ಟಿನನ್ನಾಗಲಿ ನೊಣ ಸಕ್ಕರೆಯಂತೆ ಅರಗಿಸಿಕೊಳ್ಳಲಾರದು. ಪೆಕ್ಟಿನ್ ಒಡೆದಾಗ ಬರುವ ಅಂಶಗಳಲ್ಲಿ ಗ್ಯಾಲಕ್ಟೋಸ್, ಗ್ಯಾಲಕ್ಟುರೋನಿಕ್ ಆಮ್ಲದಂಥವು ನೊಣಕ್ಕೆ ವಿಷ. ನಾವು ಇವನ್ನು ತಿಂದು ಆರಾಮಾಗಿರುತ್ತೇವೆ, ನೊಣದ ಆಯುಷ್ಯ ಕಡಿಮೆಯಾಗುತ್ತದೆ. ಬೆಲ್ಲದಲ್ಲಿ ಖನಿಜ ಮತ್ತು ಕಾಯಿಸಿದ ಕಂದು ಅಂಶ ಹೆಚ್ಚು, ಅದಕ್ಕೇ ಅದೂ ಭೇದಿಗೆ ದಾರಿ.

ಇನ್ನು ಕುದಿಸುವ ವಿಚಾರ. ಹಣ್ಣಿನ ರಸದಲ್ಲಿ ಫ್ರಕ್ಟೋಸೂ ಇದೆ, ಹುಳಿಯೂ ಇದೆ. ಇವೆರಡನ್ನು ಸೇರಿಸಿ ಕಾಯಿಸಿದರೆ ಎಚ್‌ಎಂಎಫ್ ಎಂಬ ರಾಸಾಯನಿಕ ಹುಟ್ಟುತ್ತದೆ. ಪಾಕ ಎಷ್ಟು ಹೊತ್ತು ಕುದಿದು ಕೆಂಪಾಗುತ್ತದೋ ಅಷ್ಟು ಹೆಚ್ಚು. ಜೇನುತುಪ್ಪದಲ್ಲಿ ಇದು ಕಿಲೋಗೆ 80 ಮಿಲಿಗ್ರಾಂ ದಾಟಬಾರದು ಎಂದು ನಮ್ಮ ದೇಶದ ಆಹಾರ ಸುರಕ್ಷತಾ ಮಾನದಂಡವೇ ಹೇಳುತ್ತದೆ. ಮನುಷ್ಯರಿಗಿಂತ ನೊಣಕ್ಕೆ ಇದರ ಅಪಾಯ ಬಹಳ ಜಾಸ್ತಿ. ಕುದಿಸದಿದ್ದರೆ ಹುಳಿಯುತ್ತದೆ, ಕುದಿಸಿದರೆ ಇದು. ಹಣ್ಣಿನ ಪಾಕ ಎರಡೂ ಕಡೆ ಸಿಕ್ಕಿಹಾಕಿಸುತ್ತದೆ.

ಚಿಂಚೋಳಿ ಕಾಡಂಚು

ತಂಗಿ ಓದಿದ್ದು ಛಲೋ ಹೇಳ್ಯಾಳ. ಆದ್ರ ನಾ ಕಾಡಿನ ಮಗ್ಗಲ್ದಾಗ ಬೆಳದಾಂವ, ಕಂಡದ್ದು ಹೇಳ್ತೀನಿ. ಸೀತಾಫಲ ಒಡದು ಬಿದ್ದಾಗ, ಮಾವು ಕೊಳತಾಗ ಜೇನುಹುಳ ಮುತ್ತಿಗಿ ಹಾಕ್ತಾವ. ಹಿಂದಕ ಸಿಂದಿ ಗಿಡಕ್ಕ ಕಟ್ಟಿದ ಗಡಿಗ್ಯಾಗ ಹುಳ ಬಿದ್ದು ಸಾಯ್ತಿದ್ವು, ಅಷ್ಟು ಆಸಿ ಅವಕ್ಕ. ಹೆಜ್ಜೇನು, ಕೋಲುಜೇನು, ತುಡುವಿ ಎಲ್ಲಾ ಬರ್ತಾವ. ಕಾಡಿನ್ಯಾಗ ಯಾರ್ ಅವಕ್ಕ ಸಕ್ರಿ ಪಾಕ ಇಟ್ಟಿದ್ರು? ಅವು ಕುಡೂದು ಅವಕ್ಕ ಗೊತ್ತಿರ್ತದ. ಹಣ್ಣು ಅಂದ್ರ ಪೂರಾ ವಿಷ ಅಂದ್ರ ನಾ ಒಪ್ಪೂದಿಲ್ಲ.

ಭೀಮರಾಯನಗುಡಿ ಕೀಟಶಾಸ್ತ್ರ

ಕಾಕಾ, ನೀವು ಕಂಡದ್ದು ನಿಜ. ಗಟ್ಟಿ ಸಿಪ್ಪೆಯ ಹಣ್ಣನ್ನು ಜೇನುನೊಣ ತಾನಾಗಿ ಕೊರೆಯಲಾರದು. ಹಕ್ಕಿಯೋ ಕಣಜವೋ ತೂತು ಮಾಡಿದ ಮೇಲೆ, ಅಥವಾ ಹಣ್ಣು ತಾನೇ ಒಡೆದ ಮೇಲೆ ಬಂದು ಹೀರುತ್ತದೆ. ಆದರೆ ಬಂದು ಹೀರಿತು ಅಂದ ಮಾತ್ರಕ್ಕೆ ಅದು ಒಳ್ಳೆಯ ಆಹಾರ ಅಂತಲ್ಲ. ಹೂವಿಲ್ಲದ ಕಾಲದಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಮಿಠಾಯಿ ಅಂಗಡಿ, ಕಬ್ಬಿನ ಹಾಲಿನ ಗಾಡಿ, ಜ್ಯೂಸ್ ಸೆಂಟರಿನ ಕಸದ ಡಬ್ಬಿ ಎಲ್ಲಿ ಬೇಕಾದರೂ ನೊಣ ಮುತ್ತುತ್ತದೆ. ಹಸಿವಿಗೆ ಸಿಹಿ ಕಂಡರೆ ಸಾಕು. ಗಾಣದ ಕೊಪ್ಪರಿಗೆಯ ಕುದಿಯುವ ಹಾಲಿಗೂ ಬಿದ್ದು ಸಾಯುತ್ತವೆ.

ಕಾಡಿನ ಹುಳಕ್ಕೆ ಇನ್ನೊಂದು ಅನುಕೂಲ ಇದೆ. ಅದು ಒಂದು ಹನಿ ಹಣ್ಣಿನ ರಸದ ಜೊತೆ ಹತ್ತು ಹೂ ಮುಟ್ಟಿ ಬರುತ್ತದೆ. ನಾವು ಪೆಟ್ಟಿಗೆಯೊಳಗೆ ಬಟ್ಟಲು ತುಂಬ ಇಟ್ಟರೆ ಅದೇ ಎರಿಯೊಳಗೆ ಕೂಡಿಟ್ಟ ಆಹಾರ ಆಗುತ್ತದೆ, ಮರಿಗಳಿಗೂ ಅದನ್ನೇ ತಿನ್ನಿಸುತ್ತವೆ.

ನಿಮ್ಮ ಮಾತಿನಲ್ಲಿ ಒಂದಂಶ ಒಪ್ಪುತ್ತೇನೆ. ಚಳಿ ದೇಶಗಳಲ್ಲಿ ತಿಂಗಳುಗಟ್ಟಲೆ ನೊಣ ಪೆಟ್ಟಿಗೆ ಬಿಟ್ಟು ಹೊರಬರುವುದಿಲ್ಲ, ಅಲ್ಲಿ ಇಂಥ ಆಹಾರ ಇಡೀ ಕುಟುಂಬವನ್ನೇ ತೆಗೆದುಬಿಡುತ್ತದೆ. ನಮ್ಮಲ್ಲಿ ವರ್ಷಪೂರ್ತಿ ಹೊರಗೆ ಹಾರಿ ಮಲ ವಿಸರ್ಜಿಸಿ ಬರುತ್ತವೆ, ಹಾಗಾಗಿ ಭೇದಿಯ ಹೊಡೆತ ಅಷ್ಟು ಜೋರಿರುವುದಿಲ್ಲ. ಕಡಿಮೆ ಹಾನಿ ಆಗುತ್ತದೆ ಅಂತ ಕೊಡಬೇಕಾಗಿಲ್ಲ.

ಆಳಂದ ತೊಗರಿ ಹೊಲ

ಲೆಕ್ಕ ಹಾಕಿ ನೋಡೋಣ, ಯಾಕಂದ್ರೆ ‘ಪುಕ್ಕಟೆ’ ಅನ್ನೋ ಮಾತು ಸರಿಯಲ್ಲ.

ಪಪ್ಪಾಯಿ ತಿರುಳಲ್ಲಿ ಸಕ್ಕರೆ ಇರೋದು ಕಿಲೋಗೆ 80 ಗ್ರಾಂ ಆಸುಪಾಸು. ಒಂದು ಕಿಲೋ ಸಕ್ಕರೆಯಷ್ಟು ಸಿಹಿ ಬೇಕಂದ್ರೆ 12 ಕಿಲೋಗಿಂತ ಹೆಚ್ಚು ತಿರುಳು ಬೇಕು, ಸಿಪ್ಪೆ ಬೀಜ ಬೇರೆ. ಅದನ್ನ ಅರ್ಧಕ್ಕರ್ಧ ಸಕ್ಕರೆ ಇರುವ ಪಾಕ ಮಾಡೋಕೆ ಸುಮಾರು 10 ಲೀಟರ್ ನೀರು ಒಲೆ ಮೇಲೆ ಆರಬೇಕು. ಎಷ್ಟು ಕಟ್ಟಿಗೆ ಸುಡಬೇಕು? ಮಾಗಿದ ಬಾಳೆಯಲ್ಲಿ ಸಕ್ಕರೆ ಹೆಚ್ಚು, ಕಿಲೋ ತಿರುಳಿಗೆ 120 ಗ್ರಾಂನಿಂದ 200 ಗ್ರಾಂ ತನಕ. ಆದರೆ ಬಾಳೆ ತಿರುಳನ್ನ ಬಟ್ಟೆಯಲ್ಲಿ ಸೋಸಿ ನೋಡಿದ್ದೀರಾ? ಗೋಂದಿನ ಹಾಗೆ ಬಟ್ಟೆಗೆ ಅಂಟಿ ಕೂತ್ಕೊಳ್ಳುತ್ತೆ, ಕೆಳಗೆ ನಾಲ್ಕು ಹನಿ ಇಳಿಯಲ್ಲ. ಕಾಯಿಸದೆ ತೆಳ್ಳಗೆ ಇಟ್ಟರೆ ಹುಳಿಯೋದು ಒಂದು ಕಡೆ, ನೊಣಗಳೇ ಆ ನೀರನ್ನೆಲ್ಲ ರೆಕ್ಕೆ ಬೀಸಿ ಆರಿಸಬೇಕು. ಗಳಿಸಿದ ಶಕ್ತಿ ಅದಕ್ಕೇ ಹೋಯ್ತು.

ತುಡುವೆ ಕುಟುಂಬಕ್ಕೆ ಅಭಾವ ಕಾಲದಲ್ಲಿ ವಾರಕ್ಕೆ 200 ಗ್ರಾಂ ಸಕ್ಕರೆ ಸಾಕು ಅಂತ ಕೃಷಿ ವಿಶ್ವವಿದ್ಯಾಲಯಗಳ ಕೈಪಿಡಿಗಳೇ ಹೇಳ್ತವೆ. ಕಿಲೋ ₹45 ಅಂತ ಹಿಡಿದರೂ ಒಂದು ಪೆಟ್ಟಿಗೆಗೆ ವಾರಕ್ಕೆ ₹9. ಅಕ್ಕಾ, ನಿಮ್ಮ ಸಂಘದವರು ಒಟ್ಟಿಗೆ ಚೀಲ ತರಿಸಿ ಹಂಚಿಕೊಂಡರೆ ಇನ್ನೂ ಕಡಿಮೆ. ಹಣ್ಣು ದನಕ್ಕೆ ಹಾಕಿ, ಎರೆಹುಳದ ತೊಟ್ಟಿಗೆ ಹಾಕಿ, ಅಲ್ಲಿ ಅದಕ್ಕೆ ಬೆಲೆ ಇದೆ.

ಶಹಾಪುರ ಕಾಲುವೆ

ಇಷ್ಟೂ ಜನ ಹುಳದ ಬಗ್ಗೆ ಹೇಳಿದಿರಿ, ಜೇನುತುಪ್ಪದ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದೇ ಹೆಚ್ಚು ಚಿಂತೆ.

ಪಾಕ ಯಾವುದೇ ಇರಲಿ, ತುಪ್ಪ ತೆಗೆಯೋಕೆ ಇಡುವ ಜೇನು ಕೋಣೆ ಪೆಟ್ಟಿಗೆ ಮೇಲೆ ಕೂತಿರುವಾಗ ಇಟ್ಟರೆ ಅದು ಸೀದಾ ತುಪ್ಪಕ್ಕೆ ಸೇರುತ್ತದೆ. ಅದು ಕಲಬೆರಕೆ. ಗಾಳಿಯ ಕಾರ್ಬನ್ ಹೀರುವ ರೀತಿ ನೋಡಿ ಸಸ್ಯಗಳನ್ನ ಸಿ3, ಸಿ4 ಅಂತ ಗುಂಪು ಮಾಡ್ತಾರೆ; ಕಬ್ಬು ಸಿ4 ಜಾತಿಯ ಸಸ್ಯ, ಹಾಗಾಗಿ ಕಬ್ಬಿನ ಸಕ್ಕರೆ ಬೆರೆತ ಜೇನು ಕಾರ್ಬನ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಬಾಳೆ, ಪಪ್ಪಾಯಿ, ಮಾವು, ದ್ರಾಕ್ಷಿ ಎಲ್ಲ ಸಿ3, ನೊಣ ಮಕರಂದ ತರುವ ಹೂಗಿಡಗಳೂ ಬಹುತೇಕ ಸಿ3. ಅಂದರೆ ಹಣ್ಣಿನ ಪಾಕ ಆ ಒಂದು ಪರೀಕ್ಷೆಗೆ ಕಾಣಿಸದೆ ಹೋಗಬಹುದು. ಇದನ್ನ ಕೇಳಿ ಯಾರಿಗಾದರೂ ಆಸೆ ಹುಟ್ಟೀತು ಅಂತಲೇ ಬರೀತಿದ್ದೀನಿ. ಈಗ ಎನ್‌ಎಂಆರ್ ಅನ್ನೋ, ಜೇನಿನ ಅಂಶಗಳನ್ನೆಲ್ಲ ಒಟ್ಟಿಗೆ ತೋರಿಸುವ ಪರೀಕ್ಷೆ ಬಂದಿದೆ, ಅಮೆರಿಕಕ್ಕೆ ರಫ್ತಾಗುವ ಜೇನಿಗೆ 2020ರ ಆಗಸ್ಟ್‌ನಿಂದ ಅದು ಕಡ್ಡಾಯ. ಪರೀಕ್ಷೆ ಮಾತು ಬಿಡಿ, ಕಲಬುರಗಿ ತೊಗರಿ ಹೂವಿನ ಜೇನು ಅಂತ ಹೇಳಿ ಊರವರಿಗೆ ಮಾರುವಾಗ ಅದರಲ್ಲಿ ಪಪ್ಪಾಯಿ ರಸ ಇರಬಾರದು. ನಂಬಿ ತಗೊಂಡು ಹೋಗ್ತಾರೆ, ಸಣ್ಣ ಮಕ್ಕಳಿಗೆ ನೆಕ್ಕಿಸ್ತಾರೆ.

ಪಾಕ ಇಡೋದು ಕುಟುಂಬ ಬದುಕಿಸೋಕೆ ಮಾತ್ರ. ಹೂ ಬರುವ ಮುಂಚೆಯೇ ನಿಲ್ಲಿಸಬೇಕು.

ಕಮಲಾಪುರ ಕೆಂಬಾಳಿ

ಎಲ್ಲಾರೂ ಇಷ್ಟು ಕಾಳಜಿಲೆ ಬರದೀರಿ, ಭಾಳ ಉಪಕಾರ ಆಯ್ತು. ಹಣ್ಣಿನ ಪಾಕ ಮಾಡೂದಿಲ್ಲ. ನಮ್ಮ ಹುಳ ಪೆಟ್ಟಗಿ ತೆರದ್ರ ಮೊದ್ಲಿನಂಗ ಗುಂಯ್ ಅನ್ನೂದಿಲ್ಲ, ಸುಮ್ಮ ಕುಂತಿರ್ತಾವ, ನೋಡಿದ್ರ ಕರುಳು ಚುರ್ ಅಂತದ. ಸಕ್ರಿ ಪಾಕನ ಇಡ್ತೀನಿ. ಹ್ಯಾಂಗ ಮಾಡೂದು ಸರಿಯಾಗಿ ಹೇಳ್ರಿ. ಒಬ್ಬರು ನಿಂಬಿ ಹಣ್ಣು ಹಿಂಡಬೇಕು ಅಂದ್ರು, ಹೌದೇನು?

ಬೀದರ್ ಪೆಟ್ಟಿಗೆ ಜೇನು

ನಿಂಬೆ ಬೇಡ. ಹುಳಿ ಹಾಕಿ ಕಾಯಿಸಿದರೆ ಆ ತಂಗಿ ಹೇಳಿದ ಎಚ್‌ಎಂಎಫ್ ಅಲ್ಲೂ ಹುಟ್ಟುತ್ತೆ. ಸಕ್ಕರೆ ಒಡೆಯೋ ಕೆಲಸ ನೊಣ ತಾನೇ ಮಾಡ್ಕೊಳ್ಳುತ್ತೆ.

ಈಗಿನ ಬೇಸಿಗೆಗೆ ಒಂದು ಕಿಲೋ ಸಕ್ಕರೆಗೆ ಒಂದು ಲೀಟರ್ ನೀರು. ನೀರು ಕುದಿಸಿ, ಒಲೆಯಿಂದ ಇಳಿಸಿ, ಆಮೇಲೆ ಸಕ್ಕರೆ ಹಾಕಿ ಕಲಸಿ. ಸಕ್ಕರೆ ಹಾಕಿದ ಮೇಲೆ ಮತ್ತೆ ಕುದಿಸಬೇಡಿ, ತಳ ಹತ್ತಿ ಕಂದು ಆದ ಪಾಕ ಹುಳಕ್ಕೆ ಕೊಡಲೇಬಾರದು. ಪೂರ್ತಿ ತಣ್ಣಗಾಗಲಿ. ಒಂದಕ್ಕೆ ಎರಡು ಪಾಲು ಸಕ್ಕರೆ ಹಾಕಿದ ಗಟ್ಟಿ ಪಾಕ ಬೇರೆ ಕೆಲಸಕ್ಕೆ. ಮಳೆ ಹಿಡಿದು ಹುಳ ಹೊರಗೆ ಹೋಗೋಕಾಗದ ದಿನಗಳು ಬರುವ ಮುಂಚೆ ದಾಸ್ತಾನು ಮಾಡಿಸಬೇಕಾದಾಗ ಅದು.

ಇಡೋದು ಸಂಜೆ, ಹುಳ ಎಲ್ಲ ಒಳಗೆ ಬಂದ ಮೇಲೆ. ಗಾಜಿನ ಶೀಶೆಯ ಮುಚ್ಚಳಕ್ಕೆ ಸಣ್ಣ ಮೊಳೆಯಿಂದ ನಾಲ್ಕಾರು ತೂತು ಹೊಡೆದು ಒಳಗೆ ಬೋರಲು ಇಡಬಹುದು. ಅಗಲ ಬಟ್ಟಲಾದರೆ ಜೋಳದ ದಂಟಿನ ಚೂರು ತೇಲಿಬಿಡಿ, ಇಲ್ಲಾಂದ್ರೆ ಹುಳ ಮುಳುಗಿ ಸಾಯ್ತವೆ. ದಂಟು ಒಣಗಿದ್ದಿರಲಿ, ಔಷಧಿ ಹೊಡೆದ ಹೊಲದ್ದು ಬೇಡ. ಪೆಟ್ಟಿಗೆ ಹೊರಗೆ ಒಂದು ಹನಿ ಚೆಲ್ಲಬಾರದು, ಚೆಲ್ಲಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಾಗಿಲನ್ನ ಒಂದೆರಡು ಹುಳ ಓಡಾಡುವಷ್ಟು ಕಿರಿದು ಮಾಡಿ. ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇದ್ದೇ ಇರಬೇಕು, ಈ ಬಿಸಿಲಿಗೆ ಮಧ್ಯಾಹ್ನಕ್ಕೇ ಆರಿ ಇರುವೆಗೆ ದಾರಿ ಆಗುತ್ತೆ. ಒಂದು ರಾತ್ರಿಯಲ್ಲಿ ಕುಡಿದು ಮುಗಿಸುವಷ್ಟೇ ಇಡಿ. ಮರುದಿನ ಉಳಿದಿದ್ದರೆ ಚೆಲ್ಲಿ, ಬಟ್ಟಲು ತೊಳೆದು ಒಣಗಿಸಿ. ಎಲ್ಲಾ ಪೆಟ್ಟಿಗೆಗೂ ಒಂದೇ ಸಂಜೆ ಇಡಿ.

ಇನ್ನೊಂದು, ಹೊರಗಿನ ಜೇನುತುಪ್ಪ ತಂದು ಕಲಸಿ ಇಡಬೇಡಿ. ಬೇರೆ ಕುಟುಂಬದ ರೋಗ ಅದರ ಜೊತೆ ಬರುತ್ತೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಅನ್ನೋ, ಮರಿಗಳನ್ನ ಕೊಲ್ಲುವ ವೈರಸ್ ರೋಗ ಬಂದು ಕರ್ನಾಟಕದ ತುಡುವೆ ಜೇನಿಗೆ ಬಿದ್ದ ಪೆಟ್ಟನ್ನ ಮಲೆನಾಡಿನ ಹಳೇ ಜೇನುಗಾರರು ಇನ್ನೂ ಮರೆತಿಲ್ಲ.

ಔರಾದ್ ಅಕ್ಕ

ತಮ್ಮಾ, ಪಾಕಕ್ಕಿಂತ ಮೊದ್ಲು ನೆಳ್ಳು ಮತ್ತ ನೀರು ನೋಡು. ಮರಿ ಇರೂ ಜಾಗ ಹುಳ 34-35 ಡಿಗ್ರಿ ಇಟ್ಕೊಂಡಿರ್ತಾವ. ಹೊರಗ 43 ಆದಾಗ ನೀರು ತಂದು ಎರಿ ಮ್ಯಾಲ ಹನಿಸಿ, ರೆಕ್ಕಿ ಬೀಸಿ ತಂಪು ಮಾಡ್ತಾವ. ನೀರು ದೂರ ಇತ್ತಂದ್ರ ಅದಕ್ಕ ಅಲದಾಡಿ ಸೋತು ಹೋಗ್ತಾವ. ನಮ್ಮಲ್ಲಿ ಮಣ್ಣಿನ ಪರಾತದಾಗ ಹಳ್ಳು ಹಾಕಿ, ಹಳ್ಳಿನ ತಲಿ ಕಾಣೂವಷ್ಟು ನೀರು ಬಿಡ್ತೀವಿ, ಹುಳ ಹಳ್ಳಿನ ಮ್ಯಾಲ ಕುಂತು ಕುಡೀತಾವ. ದಿನಾ ನೀರು ಬದಲಿ ಮಾಡಬೇಕು. ಪೆಟ್ಟಗಿ ಮ್ಯಾಲ ಹಸಿ ಗೋಣಿ ತಟ್ಟು, ಹುಣಸಿ ಗಿಡದ ಕೆಳಗ ಜಾಗ. ತುಡುವಿ ಹುಳ ತ್ರಾಸ ತಡ್ಕೊಳ್ಳೂದಿಲ್ಲ, ಹಸಿವು ಬಿಸಿಲು ಎರಡೂ ಕೂಡಿದ್ವು ಅಂದ್ರ ಒಂದಿನ ಪೆಟ್ಟಗಿ ಬಿಟ್ಟು ಹಾರೇ ಹೋಗ್ತಾವ.

ಭೀಮರಾಯನಗುಡಿ ಕೀಟಶಾಸ್ತ್ರ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪಾಕ, ಅದು ಸಕ್ಕರೆಯದ್ದಾಗಲಿ ಹಣ್ಣಿನದ್ದಾಗಲಿ, ಹಾರುವ ಶಕ್ತಿಗೆ ಮಾತ್ರ. ಮರಿ ಬೆಳೆಯಬೇಕಾದರೆ ಪರಾಗ ಬೇಕು, ಪ್ರೋಟೀನ್ ಅಲ್ಲಿಂದ ಬರುತ್ತದೆ. ಹಣ್ಣಿನಲ್ಲಿ ಸತ್ವ ಇದೆಯಲ್ಲ ಎಂದು ಕೇಳಿದಿರಿ ಅಣ್ಣಾ. ನೊಣಕ್ಕೆ ಬೇಕಾದ ಆ ಸತ್ವ ಪರಾಗದಲ್ಲಿದೆ. ಬಾಗಿಲಲ್ಲಿ ಕೂತು ನೋಡಿ, ಒಳಗೆ ಹೋಗುವ ಹುಳದ ಹಿಂಗಾಲಿನಲ್ಲಿ ಹಳದಿ ಉಂಡೆ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಎಣ್ಣೆ ತೆಗೆದ ಸೋಯಾ ಹಿಟ್ಟು, ಬ್ರೂವರ್ಸ್ ಯೀಸ್ಟ್, ಪುಡಿ ಸಕ್ಕರೆಯನ್ನು ದಪ್ಪ ಪಾಕದಲ್ಲಿ ಕಲಸಿ, ಸಣ್ಣ ರೊಟ್ಟಿಯಷ್ಟು ತಟ್ಟಿ ಎರಿಗಳ ಮೇಲೆ ಇಡುತ್ತಾರೆ. ಬೀದರಿನ ಹಸಿ ಸೋಯಾ ಹಿಟ್ಟು ನೇರವಾಗಿ ಹಾಕಬೇಡಿ, ಅದರಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶ ಇದೆ.

ಚಿಂಚೋಳಿ ಕಾಡಂಚು

ತಂಗಿ, ನಿನ್ನ ಮಾತು ತೂಗಿ ನೋಡಿದೆ. ಬಟ್ಟಲು ತುಂಬ ಇಡೂದು ಬ್ಯಾರೆ, ಹುಳ ತಾನೇ ಹುಡುಕ್ಕೊಂಡು ಹೋಗೂದು ಬ್ಯಾರೆ, ಅದು ಒಪ್ಪಿದೆ. ತ್ವಾಟದಾಗ ಬಿದ್ದ ಹಣ್ಣಿಗೆ ಬಂದ ಹುಳಕ್ಕ ನಾ ಓಡಸೂದಿಲ್ಲ, ಅಷ್ಟೇ.

ಕಮಲಾಪುರ ತಮ್ಮಾ, ನಿನ್ನ ತ್ವಾಟದಾಗೇ ಹುಳದ ಊಟ ಅದ, ನೀ ಅದನ್ನ ಕಡದು ಒಗೀಲಾಕತ್ತಿದಿ. ಬಾಳಿ ಗೊನಿ ತುದಿ ಮೊಗ್ಗು! ನಸುಕಿನ್ಯಾಗ ಹೋಗಿ ನೋಡು. ಒಂದು ಕೆಂಪು ಪದರ ಮ್ಯಾಲ ಎದ್ದಿರ್ತದ, ಅದರ ಬುಡಕ್ಕ ಸಾಲ ಹೂ, ಒಂದು ಹೂ ಕಿತ್ತು ಹಿಚಕಿದ್ರ ಬೆರಳಿಗೆ ಅಂಟೂವಂಥ ಸಿಹಿ ನೀರು ಬರ್ತದ. ತುಡುವಿ ಹುಳ ಅದ್ರಾಗ ತಲಿ ತೂರಿಸಿ ಕುಡೀತಾವ. ನಮ್ಮ ಕಮಲಾಪುರ ಕೆಂಪು ಬಾಳಿಗೆ ಜಿಐ, ಅಂದ್ರ ಇದು ಇಂಥ ಊರಿನ ಬೆಳಿ ಅನ್ನೂ ಸರ್ಕಾರಿ ಗುರುತು ಸಿಕ್ಕದ ಅಂತ ಹಣ್ಣಿನ ಮಾತೇ ಎಲ್ಲಾರೂ ಆಡ್ತಾರ, ಹೂವಿನ ಮಾತು ಯಾರೂ ಆಡೂದಿಲ್ಲ.

ಕಮಲಾಪುರ ಕೆಂಬಾಳಿ

ಕಾಕಾ, ಇದು ನನಗ ಹೊಳದೇ ಇರ್ಲಿಲ್ಲ ನೋಡ್ರಿ. ಆದ್ರ ಕಡೀ ಚಿಪ್ಪು ಬಿಟ್ಟ ಮ್ಯಾಲ ಮೊಗ್ಗು ಮುರೀಬೇಕು, ಇಲ್ಲಾಂದ್ರ ಕಾಯಿ ದಪ್ಪ ಆಗೂದಿಲ್ಲ ಅಂತ ಹೇಳ್ತಾರಲ್ಲ?

ಆಳಂದ ತೊಗರಿ ಹೊಲ

ಅದೂ ನಿಜ, ಮೊಗ್ಗು ಉಳಿದರೆ ಗೊನೆಯ ಪಾಲು ಅದು ತಿನ್ನುತ್ತೆ. ಎಲ್ಲಾ ಗೊನೆಯಲ್ಲೂ ಬಿಡಬೇಡಿ. ಪೆಟ್ಟಿಗೆ ಹತ್ತಿರದ ಸಾಲು, ಮಾರಾಟಕ್ಕೆ ಬಾರದ ಸಣ್ಣ ಗೊನೆಗಳು, ಬದುವಿನ ಮೇಲಿನ ಗಿಡಗಳು, ಇವುಗಳ ಮೊಗ್ಗು ಬಿಟ್ಟು ಉಳಿದದ್ದು ಮುರಿಯಿರಿ. ಗಿಡಗಳು ಒಂದೇ ಸಲಕ್ಕೆ ಗೊನೆ ಹಾಕಲ್ಲ, ಹಾಗಾಗಿ ಸರದಿ ಮೇಲೆ ಯಾವುದಾದರೊಂದರಲ್ಲಿ ಹೂ ಇರುತ್ತೆ.

ಮಳೆ ಬಿದ್ದ ಮೇಲೆ ಬೇಲಿಗುಂಟ ನುಗ್ಗೆ ಹಾಕಿ, ಬೇಗ ಹೂ ಬಿಡುತ್ತೆ. ಬೇಲಿ ತಂತಿಗೆ ಆಂಟಿಗೋನಾನ್ ಬಳ್ಳಿ ಹಬ್ಬಿಸಿದರೆ ಹೆಚ್ಚುಕಡಿಮೆ ವರ್ಷವಿಡೀ ಗುಲಾಬಿ ಹೂ ಇರುತ್ತೆ. ಕರಿಬೇವು ಕತ್ತರಿಸುವಾಗ ಎರಡು ಗಿಡ ಹೂವಿಗೆ ಬಿಡಿ. ಹೊಲದಲ್ಲಿ ಅಕ್ಕಡಿ ಸಾಲಾಗಿ ಗುರೆಳ್ಳು, ಎಳ್ಳು. ತೊಗರಿ ಹೂವಿನ ಹೊತ್ತಿಗೆ ಕಾಯಿಕೊರಕಕ್ಕೆ ಎಣ್ಣೆ ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ, ಹಿಂದಿನ ರಾತ್ರಿಯೇ ಪಕ್ಕದ ಹೊಲದವರಿಗೂ ಹೇಳಿ ಪೆಟ್ಟಿಗೆ ದೂರ ಸರಿಸಿ.

ಕಮಲಾಪುರ ಕೆಂಬಾಳಿ

ಆಗ್ಲಿ ಅಣ್ಣಾ. ಇವತ್ತು ಸಂಜಿಗೆ ಒಂದಕ್ಕೊಂದು ಪಾಕ ಇಡ್ತೀನಿ, ಪೆಟ್ಟಗಿ ಬಾಗಿಲು ಸಣ್ಣ ಮಾಡೀನಿ, ಗೋಣಿ ತಟ್ಟು ಹಸಿ ಮಾಡಿ ಹಾಕೀನಿ. ಮಾಗಿದ ಹಣ್ಣು ಎಮ್ಮಿ ಮುಂದ ಸುರವೀನಿ. ಔರಾದ್ ಅಕ್ಕಾ, ನಿಮ್ಮ ಸಂಘದವರು ಸಕ್ರಿ ಚೀಲ ತರಸೂದಾದ್ರ ನಮಗೂ ತಿಳಸ್ರಿ, ಇಲ್ಲಿ ನಾಕೈದು ಮಂದಿ ಪಾಲು ಹಾಕ್ತಾರ.

ಔರಾದ್ ಅಕ್ಕ

ತಿಳಸ್ತೀನಿ ತಮ್ಮಾ. ಹುಮನಾಬಾದ್ ಸಂತಿಗೆ ನಮ್ಮೋರು ಬರ್ತಾರ, ಅಲ್ಲಿಂದ ಕಮಲಾಪುರಕ್ಕ ಬಸ್ಸಿನ್ಯಾಗ ಹಾಕಿ ಕಳಸೂದು ಸುಲಭ. ಎಷ್ಟು ಕಿಲೋ ಬೇಕು ಅಂತ ಪೆಟ್ಟಗಿ ಲೆಕ್ಕ ಹಾಕಿ ಬರಿ.